ಬೆಲ್ಟಿನ ಬಿಗಿ ಪಕ್ಕ

ಅಜ್ಜಿಯ ಒಂದು ಕಥೆಯಲ್ಲಿ ಅಕ್ಕ ತಂಗಿ ಒಂದೇ ಹಗ್ಗದ ಎರಡು ಎಳೆ ಹಿಡಿದು ನಿಂತಿರುತ್ತಾರೆ. ಒಬ್ಬಳು ಅಳುತ್ತಾಳೆ, ಇನ್ನೊಬ್ಬಳು ನಗುತ್ತಾಳೆ. ಅಳುವವಳು ಯಾರೆಂದು ಕೇಳಿದರೆ, "ಹಗ್ಗ ಯಾವ ಕಡೆ ಹೋಗ್ತಿದೆ ನೋಡೇ" ಎನ್ನುತ್ತಿದ್ದಳು ಅಜ್ಜಿ. ನನಗೆ ಆಗ ಅರ್ಥವಾಗಿರಲಿಲ್ಲ. ಮರ ಕೊಯ್ಯುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ ಮೇಲೂ ಆಗಿರಲಿಲ್ಲ.

ದೊಡ್ಡ ಗರಗಸದ ಬೇರಿಂಗ್ ಒಂದೇ ತಿಂಗಳಲ್ಲಿ ಎರಡು ಸಲ ಸುಟ್ಟುಹೋಗಿತ್ತು. ಅದರ ಬೆಲ್ಟ್ ಬಿಗಿಯುವವನು ನನ್ನ ಸೋದರಮಾವ, ಇಪ್ಪತ್ತೆರಡು ವರ್ಷದಿಂದ ಇಲ್ಲಿನ ಫಿಟ್ಟರ್. ಹೆಬ್ಬೆರಳಿನಿಂದ ಒತ್ತಿ ನೋಡುವುದೇ ಅವನ ಅಳತೆ.

"ಹೆಬ್ಬೆರಳಿನ ಕಾಲ ಮುಗೀತಮ್ಮ" ಎಂದರು ಮ್ಯಾನೇಜರ್. "ಎಷ್ಟು ಎಳೆತ ಬೇಕು ಅಂತ ಲೆಕ್ಕ ಹಾಕಿ ಕೊಡಿ. ಅವರು ಬಿಗಿದಿದ್ದು ಜಾಸ್ತಿ ಅಂತಾದ್ರೆ ನಾಳೆಯಿಂದ ಗೋಡೌನಲ್ಲಿ ಹಲಗೆ ಜೋಡಿಸ್ಲಿ."

ಓಡುವ ಬೆಲ್ಟಿನಲ್ಲಿ ಮೋಟಾರ್ ತನ್ನತ್ತ ಎಳೆದುಕೊಳ್ಳುವ ಪಕ್ಕ ಬಿಗಿ, ಇನ್ನೊಂದು ಸಡಿಲ. ಲೆಕ್ಕ ಹಾಕಿದೆ. ಬಿಗಿ ಪಕ್ಕಕ್ಕೆ ತೊಂಬತ್ತು ಕಿಲೋ, ಸಡಿಲಕ್ಕೆ ಮೂವತ್ತೊಂಬತ್ತು. ನಿಂತಾಗ ಎರಡಕ್ಕೂ ಸಮನಾಗಿ ಅರವತ್ತನಾಲ್ಕರ ಸುಮಾರು. ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಅಳೆದರೆ ಮಾವ ಬಿಗಿದದ್ದು ನೂರರ ಹತ್ತಿರ! ಮೂರು ಸಲ ಅಳೆದೆ. ತಕ್ಕಡಿಗೆ ನನ್ನ ಮೇಲೆ ಕನಿಕರವೇ ಇರಲಿಲ್ಲ.

"ನಿನ್ನ ಬೆರಳಿಗೆ ಏನಾಯ್ತು ಮಾವ?"

"ಬೆರಳಿಗೇನಾಗಿಲ್ಲ ಕಣೇ. ಆ ರೋಲರ್ ಬಂದಾಗಿಂದ ಬೆಲ್ಟ್ ಜಾರುತ್ತೆ. ಜಾರಿದಾಗೆಲ್ಲ ಬಿಗೀತೀನಿ. ಮತ್ತೇನು, ಮುದ್ದು ಮಾಡ್ಲಾ?"

ಸಡಿಲ ಪಕ್ಕವನ್ನು ಒತ್ತಿ ಹಿಡಿಯುವ ಆ ರೋಲರನ್ನು ಹೋದ ತಿಂಗಳು ನನ್ನ ನಕ್ಷೆಯಂತೆ ಮೇಲಿನ ಪಕ್ಕಕ್ಕೆ ಹಾಕಿದ್ದರು.

"ಓಡುವಾಗ ಮೇಲಿಂದು ತಂತಿ ಹಾಗೆ ನಿಲ್ಲುತ್ತೆ, ಕೆಳಗಿಂದು ತೊಟ್ಟಿಲ ಹಾಗೆ ತೂಗುತ್ತೆ" ಎಂದ ಮಾವ.

"ಉಲ್ಟಾ ಹೇಳ್ತಿದೀಯ. ನಕ್ಷೆಯಲ್ಲಿ ಮೇಲಿಂದೇ ಸಡಿಲ."

"ನಕ್ಷೆ ನೋಡ್ಕೊಂಡು ಓಡೋಕೆ ಬೆಲ್ಟಿಗೆ ಓದು ಬರಲ್ವೇ ತಾಯಿ!"

ಬೆಲ್ಟಿಗೆ ಮುಚ್ಚಿದ್ದ ಜಾಲರಿಯಿಂದ ಇಣುಕಿದೆ. ಅವನು ಹೇಳಿದಂತೆಯೇ ಇತ್ತು. ಹಾಗಾದರೆ ಮೋಟಾರೇ ಹಿಂದುಮುಂದಾಗಿ ತಿರುಗುತ್ತಿದೆಯೇ? ನಾನು ಮೋಟಾರಿನ ಫ್ಯಾನಿನ ಕಡೆ ಕುಕ್ಕರಗಾಲಿನಲ್ಲಿ ಕುಳಿತೆ, ಮಾವ ಎದುರು ತುದಿಯಲ್ಲಿ, ಬೆಲ್ಟ್ ಸುತ್ತಿದ ಪುಲ್ಲಿಯ ಕಡೆ ನಿಂತ.

"ಗಡಿಯಾರದ ಮುಳ್ಳಿನ ಹಾಗೇ ತಿರುಗ್ತಿದೆ" ಎಂದೆ.

"ಕಣ್ಣಿಗೆ ಮರದ ಹೊಟ್ಟು ಬಿತ್ತಾ? ಮುಳ್ಳಿಗೆ ಎದುರಾಗಿ ತಿರುಗ್ತಿದೆ."

ಜಾಗ ಬದಲಿಸಿಕೊಂಡೆವು. ಈಗ ನನಗೆ ಎದುರಾಗಿ ತಿರುಗಿತು, ಮಾವನಿಗೆ ಮುಳ್ಳಿನ ಹಾಗೆ! ಇಬ್ಬರೂ ಬೆಪ್ಪಾಗಿ ಒಬ್ಬರನ್ನೊಬ್ಬರು ನೋಡಿದೆವು. ಮೋಟಾರ್ ಮಾತ್ರ ತನ್ನ ಪಾಡಿಗೆ ತಾನು ಒಂದೇ ಕಡೆ ತಿರುಗುತ್ತಿತ್ತು.

ತಲೆಯೊಳಗೂ ಏನೋ ಗಿರ್ರೆಂದು ತಿರುಗಿ ನಿಂತಿತು. ನಕ್ಷೆ ಬರೆದ ದಿನ, ಪುಲ್ಲಿಯ ಕಡೆ ಜಾಲರಿಯಲ್ಲಿ ಇಣುಕುವ ಗೋಜು ಬೇಡವೆಂದು ನಾನು ಫ್ಯಾನಿನ ಕಡೆಯಿಂದ ನೋಡಿದ್ದೆ. ಅಲ್ಲಿ ಕಂಡ ದಿಕ್ಕಿನ ಬಾಣವನ್ನು ಪುಲ್ಲಿಯ ಕಡೆಯ ಚಿತ್ರಕ್ಕೆ ಹಾಗೆಯೇ ಇಳಿಸಿದ್ದೆ. ಬಿಗಿಯಲ್ಲಿ ಅಳುವವಳನ್ನು ಸಡಿಲದಲ್ಲಿ ನಗುವವಳೆಂದು ಬರೆದು, ಅವಳ ಬೆನ್ನ ಮೇಲೇ ರೋಲರ್ ಹೇರಿಸಿದ್ದೆ. ನಗುವವಳನ್ನು ಹಿಡಿಯುವವರಿಲ್ಲದೆ ಬೆಲ್ಟ್ ಜಾರಿತು, ಮಾವ ಬಿಗಿದ, ಬೇರಿಂಗ್ ಸುಟ್ಟಿತು.

"ಮ್ಯಾನೇಜರ್ ಹತ್ರ ನಕ್ಷೆ ತಪ್ಪು ಅಂತ ಮಾತ್ರ ಹೇಳು" ಎಂದ ಮಾವ ಮೆಲ್ಲಗೆ. "ಬರೆದೋರು ಯಾರು ಅಂತ ಯಾಕೆ?"

"ಕೆಳಗಡೆ ನನ್ನ ರುಜು ಇದೆಯಲ್ಲ ಮಾವ."

ಮ್ಯಾನೇಜರ್ ನಾನು ಹೇಳಿದ್ದನ್ನು ಎರಡು ಸಲ ಕೇಳಿಸಿಕೊಂಡರು. ಗಾಳಿಯಲ್ಲಿ ಬೆರಳು ಸುತ್ತಿಸಿ, ಎದ್ದು ಮೇಜಿನ ಆಚೆ ಹೋಗಿ, ಮತ್ತೆ ಸುತ್ತಿಸಿದರು. ಮುಖ ಇನ್ನಷ್ಟು ಗೊಂದಲಗೊಂಡಿತು. "ರೋಲರ್ ಕೆಳಗೆ ಹಾಕಿ ಓಡಿಸಿ. ಬೇರಿಂಗ್ ತಣ್ಣಗಿದ್ರೆ ಅವರು ಇಲ್ಲೇ ಇರ್ಲಿ. ಹಲಗೆ ಜೋಡಿಸೋಕೆ ನೀವು ಹೋಗಿ."

ಮಾವ ರೋಲರ್ ಕೆಳಗೆ ಹಾಕಿ, ತಕ್ಕಡಿ ನೋಡದೆ, ಹೆಬ್ಬೆರಳಿನಿಂದಲೇ ಬಿಗಿ ಇಳಿಸಿದ. ಅಳೆದೆ, ಅರವತ್ತೈದು. ಸಂಜೆಯವರೆಗೂ ಗರಗಸ ಓಡಿತು. ಹತ್ತು ಎಣಿಸುವವರೆಗೆ ಅಂಗೈ ಇಟ್ಟಿರಲು ಆದರೆ ಬೇರಿಂಗ್ ಆರೋಗ್ಯವಾಗಿದೆ ಎಂಬುದು ಮಾವನ ಇನ್ನೊಂದು ಅಳತೆ. ಮ್ಯಾನೇಜರ್ ಅಂಜುತ್ತಂಜುತ್ತ ಕೈ ಇಟ್ಟರು.

"ಎಣಿಸಿ ಸಾರ್" ಎಂದ ಮಾವ.

ಅವರು ಇಪ್ಪತ್ತು ದಾಟಿದರೂ ಕೈ ತೆಗೆಯಲಿಲ್ಲ. ನಾನು ಗೋಡೌನಿನ ಬೀಗದ ಕೈ ಇಸಿದುಕೊಂಡೆ. ಬಾಗಿಲ ಮುಂದೆ ನಿಂತು, ಅದನ್ನು ಯಾವ ಕಡೆ ತಿರುಗಿಸಬೇಕೆಂದು ಬಹಳ ಹೊತ್ತು ಯೋಚಿಸಿದೆ.