ಬೋರಲು ಹಾಕಿದ ಬೋಗುಣಿ

ಹಬ್ಬ ಹತ್ತಿರ ಬಂದಿತ್ತು. ಸಿತ್ತನಾ ಮದರಂಗಿ ಕಲಸುವ ತನ್ನ ಬೋಗುಣಿಯನ್ನು ತೊಳೆದು, ಒರೆಸಿ, ಹಲಗೆಯ ಮೇಲೆ ಬೋರಲು ಹಾಕಿದಳು. ತನ್ನ ಬಾಯಲ್ಲಿ ಬಾರದ ಮಾತನ್ನು ಅದಾದರೂ ಅತ್ತೆಗೆ ಹೇಳಲಿ ಎಂಬ ಆಸೆ ಅವಳದು. ಮಾವ ತೀರಿಕೊಂಡ ದಿನ ಅತ್ತೆ ಹಾಜ್ಜಾ ಬತೂಲ್ ತನ್ನ ಬೋಗುಣಿಯನ್ನು ಹೀಗೆಯೇ ಮಗುಚಿಟ್ಟಿದ್ದಳು. ಇನ್ನು ಇದರ ಸಹವಾಸ ಸಾಕು ಎಂದವಳು ಮತ್ತೆ ಅದನ್ನು ಮುಟ್ಟಿರಲಿಲ್ಲ. ಅದು ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತ ಕೂತಿತ್ತು.

ವಾರದ ಹಿಂದೆ ಗಂಡ ಬಾಬಿಕರನ ನಂಬರಿನಿಂದ ಫೋನು ಬಂದಾಗ ಸಿತ್ತನಾ ಒದ್ದೆಗೈಯಲ್ಲೇ ಓಡಿಹೋಗಿ ಎತ್ತಿದ್ದಳು. ಮಾತಾಡಿದ್ದು ಅವನಲ್ಲ, ಲಿಬಿಯಾದಲ್ಲಿ ಅವನ ಜೊತೆ ಗಾರೆ ಕೆಲಸಕ್ಕಿದ್ದ ತಯ್ಯಿಬ್.

"ಜ್ವರ ಬಂದಿತ್ತು ತಂಗಿ. ಉಳೀಲಿಲ್ಲ. ಇಲ್ಲೇ ಮಣ್ಣು ಮಾಡಿದ್ವಿ. ಅವನ ಫೋನು ನನ್ನ ಹತ್ರಾನೇ ಇದೆ, ಊರಿಗೆ ಬಂದಾಗ ತಂದುಕೊಡ್ತೀನಿ. ಹಾಜ್ಜಾಗೆ ನೀನೇ ಹೇಳಮ್ಮ, ನನ್ನ ಕೈಲಾಗಲ್ಲ."

ಎಷ್ಟು ಸುಲಭವಾಗಿ ಹೇಳಿಬಿಟ್ಟ ಪುಣ್ಯಾತ್ಮ! ಗಟ್ಟಿಗ ಗಂಡಸಿನ ಕೈಲಾಗದ್ದು ಇವಳ ಕೈಲಾಗಬೇಕಂತೆ. ದಿನಾ ಬೆಳಿಗ್ಗೆ ಚಹಾ ಕೊಡುವಾಗ ಹೇಳಿಬಿಡಬೇಕು ಎಂದುಕೊಳ್ಳುತ್ತಾಳೆ. ಅಷ್ಟರಲ್ಲಿ ಹಾಜ್ಜಾ, "ನನ್ನ ಮಗನಿಗೆ ಅಲ್ಲಿ ಯಾರು ಶುಂಠಿ ಕುಟ್ಟಿ ಹಾಕಿ ಕೊಡ್ತಾರೋ" ಎನ್ನುತ್ತಾಳೆ. ಇವಳು ಲೋಟ ಇಟ್ಟು ಒಲೆಯ ಕಡೆ ತಿರುಗುತ್ತಾಳೆ. ಗಂಡ ಸತ್ತವಳು ಬಿಳಿ ಉಟ್ಟು, ಅತ್ತರು ಮದರಂಗಿ ಬಿಟ್ಟು ಮನೆಯೊಳಗೆ ಕೂರಬೇಕಾದ ದಿನಗಳಲ್ಲಿ ಸಿತ್ತನಾ ಬಣ್ಣದ ತೋಬ್ ಸುತ್ತಿಕೊಂಡು ಪೇಟೆಗೆ ಹೋಗಿಬರುತ್ತಿದ್ದಳು.

ಬೋಗುಣಿ ಹಾಜ್ಜಾಳ ಕಣ್ಣಿಗೆ ಬಿದ್ದೇಬಿಟ್ಟಿತು.

"ಯಾರೇ ಇದನ್ನ ಬೋರಲು ಹಾಕಿದ್ದು? ಬುದ್ಧಿ ನೆಟ್ಟಗಿದೆಯಾ ನಿಂಗೆ? ಗಂಡ ಗುಂಡುಕಲ್ಲಿನ ಹಾಗಿದ್ದಾನೆ!"

"ಅತ್ತೆ, ಈ ಸಲ ನಂಗೆ ಬೇಡ..."

"ಬೇಡವಂತೆ! ಹಬ್ಬದ ದಿನ ಬೋಳುಗಾಲಲ್ಲಿ ಓಡಾಡು, ಅತ್ಬರಾ ಊರಿನ ಹೆಂಗಸರೆಲ್ಲ ನನ್ನ ಮುಖಕ್ಕೆ ಉಗೀಲಿ. ಕೂತ್ಕೋ ಸುಮ್ನೆ."

ಹೇಳಲು ಇದೇ ಹೊತ್ತು. ಸಿತ್ತನಾ ಬಾಯಿ ತೆರೆದಳು. ಹಾಜ್ಜಾ ಆಗಲೇ ಬೋಗುಣಿಯನ್ನು ಮಡಿಲಿಗೆ ಎಳೆದುಕೊಂಡು, ತೆಳುಬಟ್ಟೆಯಲ್ಲಿ ಪುಡಿ ಸೋಸಿ, ಬೆಚ್ಚಗಿನ ನೀರು ಬಿಟ್ಟು, ಲವಂಗದೆಣ್ಣೆ ಸುರಿದು ಕಲಸತೊಡಗಿದ್ದಳು. ಮುದಿ ಬೆರಳುಗಳು ಒಂದು ಗಂಟೂ ಉಳಿಯದ ಹಾಗೆ ತಿಕ್ಕುತ್ತಿದ್ದವು. ಕಲಸುತ್ತ ಹಾಡಿನಂಥದ್ದೇನೋ ಗುನುಗುತ್ತಿದ್ದಳು. ಆ ಮುಖ ನೋಡಿ ಸಿತ್ತನಾ ಚಾಪೆಯ ಮೇಲೆ ಕಾಲು ಚಾಚಿ ಕೂತಳು.

ಪಕ್ಕದ ಮನೆಯ ರಿಹಾಬ್ ಬಂದಳು. ಓಣಿಯಲ್ಲಿ ಹೂಬಳ್ಳಿ ಬರೆಯುವುದರಲ್ಲಿ ಅವಳದೇ ಕೈ. ಬಾಯಿ ಮಾತ್ರ ಕೈಗಿಂತ ಚುರುಕು. ಪಾದಗಳಿಗೆ ಬಳ್ಳಿ ಬರೆದು, ಅಂಗೈಗಳಿಗೆ ದಪ್ಪಗೆ ಮೆತ್ತಿ, ಮಣಿಕಟ್ಟಿನ ತನಕ ಪ್ಲಾಸ್ಟಿಕ್ ಚೀಲ ಸುತ್ತಿದಳು.

"ಈ ಕಾಲು ನೋಡಿದ್ರೆ ಬಾಬಿಕರಣ್ಣ ಲಾರೀನೂ ಕಾಯಲ್ಲ ಅಜ್ಜಿ, ಮರಳುಗಾಡಲ್ಲಿ ನಡ್ಕೊಂಡೇ ಬಂದುಬಿಡ್ತಾನೆ."

"ಹಾಗಾದ್ರೆ ಕಳಿಸೇ! ಒಂದು ಫೋಟೋ ತೆಗೆದು ಈಗಲೇ ಕಳಿಸು!"

ಸಿತ್ತನಾಳ ಫೋನು ಚಾಪೆಯ ಮೇಲೇ ಇತ್ತು. ಆ ಮನೆಯಲ್ಲಿ ಫೋನಿಗೆ ಬೀಗ ಹಾಕುವ ಅಭ್ಯಾಸವಿಲ್ಲ.

"ಬೇಡ ರಿಹಾಬ್! ಕೊಡು ಇಲ್ಲಿ!" ಸಿತ್ತನಾ ಚೀಲ ಸುತ್ತಿದ ಕೈಗಳನ್ನು ಚಾಚಿದಳು. ಆ ಕೈಗಳಲ್ಲಿ ಏನನ್ನು ಹಿಡಿಯುವುದು?

"ಅಬ್ಬಬ್ಬಾ, ನಾಚಿಕೆ ನೋಡಿ ಹುಡುಗಿಗೆ!" ಎಂದು ನಗುತ್ತ ರಿಹಾಬ್ ಫೋಟೋ ತೆಗೆದು ಕಳಿಸಿಯೇಬಿಟ್ಟಳು. ಸ್ವಲ್ಪ ಹೊತ್ತಿಗೆ ಕಿರುಚಿದಳು. "ಟಿಕ್ ನೀಲಿ ಆಯ್ತು! ಅಜ್ಜಿ, ನೋಡಿದ! ನಿಮ್ಮ ಮಗ ನೋಡಿಬಿಟ್ಟ!"

ಹಾಜ್ಜಾ ನಾಲಿಗೆ ಆಡಿಸಿ ಮದುವೆಮನೆಯ ಹಾಗೆ ಕೂಗು ಹಾಕಿದಳು. ಓಣಿಯ ಹೆಂಗಸರು ಏನಾಯ್ತು ಏನಾಯ್ತು ಎನ್ನುತ್ತ ಒಳನುಗ್ಗಿ, ತಾವೂ ಕೂಗು ಸೇರಿಸಿದರು.

"ಏನೋ ಬರೀತಿದ್ದಾನೆ," ಎಂದಳು ರಿಹಾಬ್. ಎಲ್ಲರೂ ಫೋನಿನ ಮೇಲೆ ಬಗ್ಗಿದರು. "ನಿಲ್ಲಿಸಿದ... ಮತ್ತೆ ಬರೀತಿದ್ದಾನೆ... ಇಲ್ಲ, ನಿಲ್ಲಿಸಿದ." ತಯ್ಯಿಬನ ಬೆರಳೂ ಸೋತಿತ್ತು. ಏನೂ ಬರಲಿಲ್ಲ.

"ಮಾತು ಹೊರಡ್ತಿಲ್ಲ ನನ್ನ ಕಂದನಿಗೆ. ಅವರಪ್ಪಾನೂ ಹೀಗೇ, ಸಂತೋಷ ಆದ್ರೆ ಮೂಗ," ಎಂದಳು ಹಾಜ್ಜಾ.

"ಅತ್ತೆ, ಅದು ಅವರಲ್ಲ..." ಎಂದಳು ಸಿತ್ತನಾ. ಆ ಗದ್ದಲದಲ್ಲಿ ಅವಳ ಮಾತು ಅವಳಿಗೇ ಕೇಳಿಸಲಿಲ್ಲ. ಕಣ್ಣೀರು ಕೆನ್ನೆ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಯಿಲ್ಲ. ಹಾಜ್ಜಾಳೇ ಬಗ್ಗಿ ತನ್ನ ತೋಬ್‌ನ ಅಂಚಿನಿಂದ ಒರೆಸಿದಳು.

"ಸಂತೋಷಕ್ಕೂ ಇಷ್ಟು ಅಳ್ತಾರೇನೇ ಮಗಳೇ? ಬಂದೇ ಬರ್ತಾನೆ ಬಿಡು."

ಆಮೇಲೆ ಮುದುಕಿ ಮಣೆ ಎಳೆದು ಅದರ ಮೇಲೆ ಹತ್ತಿದಳು. ಬೀಳ್ತೀರಿ ಬೀಳ್ತೀರಿ ಎಂದು ಹೆಂಗಸರು ಹಿಡಿದುಕೊಂಡರು. ಮೇಲಿನ ಹಲಗೆಯಿಂದ ತನ್ನ ಹಳೆಯ ಬೋಗುಣಿಯನ್ನು ಇಳಿಸಿ, ಧೂಳು ಊದಿ, ನೆಟ್ಟಗೆ ನೆಲಕ್ಕಿಟ್ಟಳು.

"ಒಂದು ಹಿಡಿ ಪುಡಿ ಹಾಕೇ ರಿಹಾಬ್. ಮಗ ಬರುವಾಗ ತಾಯಿ ಕೈ ಬರಿದಾಗಿ ಇರಬಾರದು."

ಸಿತ್ತನಾ ಎರಡೂ ಕೈಗಳನ್ನು ಮೇಲೆತ್ತಿಕೊಂಡು ಕೂತೇ ಇದ್ದಳು.