ಒರಾಂಗುಟಾನ್ ಮತ್ತು ತಂಗಡಿ ಗಿಡ

ಸುರಪುರದಲ್ಲಿ ವಿಜ್ಞಾನ ಶಿಕ್ಷಕರ ತರಬೇತಿ ನಡೆದಿತ್ತು. ಕೊನೆಯ ದಿನ ಚೀಟಿ ಎತ್ತಿಸಿದರು. ಅಳಿವಿನ ಅಂಚಿಗೆ ಬಂದ ಒಂದು ಪ್ರಾಣಿ, ಎಲ್ಲೆಂದರಲ್ಲಿ ಬೆಳೆಯುವ ಒಂದು ಗಿಡ, ಎರಡನ್ನೂ ಹೋಲಿಸಿ ಮಾತಾಡಬೇಕು. ನನಗೆ ಒರಾಂಗುಟಾನ್ ಮತ್ತು ತಂಗಡಿ ಬಂದವು. ಶಹಾಪುರದ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷ ಪಾಠ ಹೇಳಿದ ಈ ವಿಶ್ವರಾಧ್ಯನಿಗೆ ಇದ್ಯಾವ ಲೆಕ್ಕ ಎಂದುಕೊಂಡೆ. ಗಿಡದ ಟೊಂಗೆಯನ್ನೂ ತೋರಿಸಬೇಕಿತ್ತು. ಊಟ ಮುಗಿಸಿ ಕಂಪೌಂಡಿನ ಹಿಂದೆ ಹೋಗಿ, ಹಳದಿ ಹೂವಿನದೊಂದನ್ನು ಮುರಿದು ತಂದೆ.

ಮೈಕ್ ಹಿಡಿದು ಒರಾಂಗುಟಾನ್ ಬಗ್ಗೆ ಹನ್ನೆರಡು ನಿಮಿಷ ಮಾತಾಡಿದೆ. ಬೋರ್ನಿಯೋ ಕಾಡು, ತಾಳೆ ತೋಟಕ್ಕೆ ಬಲಿಯಾದ ಮರಗಳು, ವರ್ಷಗಟ್ಟಲೆ ತಾಯಿಯನ್ನು ಬಿಟ್ಟಿರದ ಮರಿ. ನನ್ನ ದನಿ ನಡುಗಿತು. ನಡುಗಲಿ ಎಂದು ನಾನೂ ಸ್ವಲ್ಪ ಕೈಜೋಡಿಸಿದೆ. ತಂಗಡಿಗೆ ಎರಡೇ ಮಾತು ಸಾಕೆನಿಸಿತು. ಇದನ್ನು ಯಾರೂ ಕಾಯಬೇಕಿಲ್ಲ, ಸಣ್ಣ ಮಕ್ಕಳಿಗೂ ಗೊತ್ತಿರುವ ಗಿಡ ಎಂದು ಟೊಂಗೆ ಎತ್ತಿ ಹಿಡಿದೆ.

ಚಹಾ ತಂದಿದ್ದ ಸಾಯಬಮ್ಮ ಬಾಗಿಲಲ್ಲೇ ನಿಂತಳು.

"ಸರ್, ಅದು ತಂಗಡಿ ಅಲ್ರಿ. ತಗಚಿ."

ತರಬೇತಿ ಕೊಡುತ್ತಿದ್ದ ಶಾಂಭವಿ ಮೇಡಂ ಫೋನಿನಲ್ಲಿ ಚಿತ್ರ ನೋಡಿ, ಸಾಯಬಮ್ಮ ಹೇಳಿದ್ದೇ ಖರೆ ಎಂದರು. ಸುಮ್ಮನಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಎರಡೂ ಒಂದೇ ಬಳಗದ ಗಿಡಗಳು, ದೊಡ್ಡ ತಪ್ಪೇನಲ್ಲ ಎಂದು ವಾದಿಸಿದೆ.

"ಹಂಗ ನೋಡಿದ್ರ ನೀವೂ ಒರಾಂಗುಟಾನೂ ಒಂದ ಬಳಗರಿ, ಸರ್," ಎಂದರು ಮೇಡಂ.

ನಗು ಅಡಗುವ ಹೊತ್ತಿಗೆ ಚಹಾ ಆರಿತ್ತು.

ಎಲ್ಲರೂ ಹೊರಟ ಮೇಲೆ, ನಿಜವಾದ ತಂಗಡಿ ತೋರಿಸು ಎಂದು ಸಾಯಬಮ್ಮನನ್ನು ಕೇಳಿದೆ. ಅವಳು ಗುಡ್ಡದ ಕಡೆ ನಡೆದಳು. ಅವಳ ಅಜ್ಜ ಈ ಗಿಡದ ತೊಗಟೆಯಿಂದ ತೊಗಲು ಹದ ಮಾಡುತ್ತಿದ್ದನಂತೆ. ಕಾಲು ಗಂಟೆ ಹುಡುಕಿದರೂ ಒಂದೂ ಸಿಗಲಿಲ್ಲ.

"ಮೊದಲ ಇಲ್ಲೆಲ್ಲ ಇತ್ರಿ. ಪ್ಲಾಟ್ ಹಾಕಿದ ಮ್ಯಾಲ ಹೋತು," ಎಂದಳು.

ಕೊನೆಗೆ ಬಂಡೆಯ ಸಂದಿಯಲ್ಲಿ ಒಂದು ಗಿಡ ಕಂಡಿತು. ಯಾರೂ ಕಾಯಬೇಕಿಲ್ಲ ಎಂದು ಮೈಕಿನಲ್ಲಿ ಹೇಳಿದವನು ಅದರಿಂದ ಒಂದು ಕಡ್ಡಿ ಮುರಿಯಲೂ ಹಿಂದುಮುಂದು ನೋಡಿದೆ. ಸಾಯಬಮ್ಮನೇ ಮುರಿದುಕೊಟ್ಟಳು.

ಮರುದಿನ ಕ್ಲಾಸಿನಲ್ಲಿ ತಂಗಡಿ, ತಗಚಿ ಎರಡನ್ನೂ ಮೇಜಿನ ಮೇಲಿಟ್ಟು ಯಾವುದು ಯಾವುದೆಂದು ಕೇಳಿದೆ. ಅರ್ಧ ಕ್ಲಾಸು ಥಟ್ಟನೆ ಸರಿಯಾಗಿ ಹೇಳಿತು. ಹುಟ್ಟಿದಾಗಿನಿಂದ ಗೊತ್ತಿದ್ದವನ ಹಾಗೆ ನಾನು ತಲೆಯಾಡಿಸಿದೆ.