ಹನ್ನೆರಡೂ ಹತ್ತರ ಫೋಟೊ

ಗೌತಮಿ ಕೇಬಲ್ಲಿನ ಒಂದು ತುದಿಯನ್ನು ದೊಡ್ಡಪ್ಪನ ಫೋಟೊ ಸ್ಟುಡಿಯೊದಿಂದ ತಂದಿದ್ದ ಹಳೆಯ ಕಂಪ್ಯೂಟರಿಗೂ ಇನ್ನೊಂದನ್ನು ತನ್ನ ಲ್ಯಾಪ್‌ಟಾಪಿಗೂ ಸಿಕ್ಕಿಸಿದಳು. ಜಗಲಿಯ ಆ ಕೊನೆಯಲ್ಲಿ ದೊಡ್ಡಪ್ಪ ಚಾಮಯ್ಯನ ಹೆಣ.

“ಪೆನ್‌ಡ್ರೈವ್‌ಗೆ ಆಕವ್ವ. ನಂಜನಗೂಡಲ್ಲಿ ಫ್ಲೆಕ್ಸ್‌ನೋನು ಕಾಯ್ತಾವ್ನೆ,” ಎಂದ ಪಕ್ಕದ ಮನೆಯ ನಿಂಗರಾಜು.

“ಅದು ಲಿನಕ್ಸು, ಇದು ವಿಂಡೋಸು ಕಣಣ್ಣ. ಅದ್ರಲ್ಲಿ ತುಂಬುದ್ರೆ ಇದು ಓದ್ತಿಲ್ಲ. ಎರಡ್ಕೂ ಒಂದೊಂದ್ ನಂಬ್ರ ಕೊಟ್ಟು ಈ ಕೇಬಲ್ಲಲ್ಲೇ ಸೀದಾ ಮಾತಾಡಿಸ್ಬೇಕು.”

“ಊರೋರ್ಗೆಲ್ಲ ‘ಗದ್ದ ಎತ್ತು’ ಅಂದೋನು, ತನ್ ಗದ್ದ ಒಂದಿನ ತೋರ್ಸ್ಲಿಲ್ಲ,” ಹಿರಿಯ ಮಾದಪ್ಪ ಗೊಣಗಿದ. “ಬ್ಯಾಗ ಮಾಡಿ, ಒತ್ತಾಯ್ತು.”

ಆಧಾರ್ ಕಾರ್ಡಿನಲ್ಲಿದ್ದದ್ದು ಬರೀ ಮಸಿ. ಹೆಣದ ಫೋಟೊ ಬೇಡ ಎಂದಿದ್ದಳು ಚಾಮಯ್ಯನ ಹೆಂಡತಿ ಮುತ್ತಮ್ಮ. ಮಣ್ಣಿಗೆ ಹಾಕುವ ಮೊದಲು, ಕಣ್ಣು ಬಿಟ್ಟ ಗಂಡನ ಮುಖ ಒಂದೇ ಒಂದು ಸಿಕ್ಕಬೇಕು.

*

ಚಿಕ್ಕಯ್ಯನಛತ್ರದ ರಸ್ತೆಬದಿಯ ಸ್ಟುಡಿಯೊ. ನೀಲಿ ಪರದೆ, ಮುಂದೊಂದು ಸ್ಟೂಲು. ಅದರ ಒಂದು ಕಾಲು ಗಿಡ್ಡ. ಯಾರು ಕೂತರೂ ಟಕ್ ಎನ್ನುತ್ತಿತ್ತು.

“ನಿಮ್ದೂ ಒಂದ್ ತಕ್ಕಬಾರ್ದಾ?” ಎಂದು ನಿಂಗರಾಜು ಕೇಳುತ್ತಿದ್ದ.

“ಒತ್ತೋರ್ಯಾರು, ನಿಮ್ ತಾತನಾ?”

“ಕಂಪ್ಯೂಟ್ರಲ್ಲಿ ಒತ್ತುದ್ರೆ ಕ್ಯಾಮ್ರಾನೇ ಎಣಿಸ್ಕಂಡು ಒಡಿತದಲ್ಲ?”

“ಅದು ಎಣ್ಸಿ ಮುಗ್ಸೋದ್ರೊಳ್ಗೆ ಈ ಸೊಂಟ ಇಟ್ಕಂಡು ಓಗಿ ಕೂರಕಾದದಾ?” ಎಂದು ನಗುತ್ತಿದ್ದ ಚಾಮಯ್ಯ. ನಿನ್ನೆ ಮಾತ್ರ, “ಬೆಳಗ್ಗೆ ನೋಡ್ತೀನಿ ಬುಡು,” ಎಂದಿದ್ದ.

ಬೆಳಗ್ಗೆ ಏಳಕ್ಕೆ ನಿಂಗರಾಜು ಹೋದಾಗ, ಕಂಪ್ಯೂಟರಿಗೂ ಸ್ಟೂಲಿಗೂ ನಡುವೆ ಬಿದ್ದಿದ್ದ.

*

ಕಂಪ್ಯೂಟರಿನಿಂದ ಕೊನೆಯ ಒಂಬತ್ತು ಫೋಟೊ ಬಂದವು. ನೀಲಿ ಪರದೆ, ಖಾಲಿ ಸ್ಟೂಲು. ನೀಲಿ ಪರದೆ, ಖಾಲಿ ಸ್ಟೂಲು. ಕೊನೆಯದರಲ್ಲಿ ಮಾತ್ರ ಸ್ಟೂಲಿನ ಅಂಚಿನ ಮೇಲೆ ನಾಲ್ಕು ಬೆರಳು.

ಅದನ್ನು ತೆಗೆದ ಹೊತ್ತು ನೋಡಿದ ಗೌತಮಿ ಕೈ ಹಿಂದಕ್ಕೆ ಎಳೆದುಕೊಂಡಳು. ಇವತ್ತಿನ ತಾರೀಖು. ಮಧ್ಯಾಹ್ನ ಹನ್ನೆರಡೂ ಹತ್ತು.

ಗೋಡೆಯ ಗಡಿಯಾರದಲ್ಲಿ ಇನ್ನೂ ಹನ್ನೊಂದೂವರೆ.

“ಆ ಕಂಪ್ಯೂಟ್ರು ಗಡಿಯಾರ ಐದೂವರೆ ಗಂಟೆ ಮುಂದ್ಕದೆ ದೊಡ್ಡವ್ವ. ದೊಡ್ಡಪ್ಪ ತೆಗ್ದಿರದು ಆರೂ ನಲವತ್ತಕ್ಕೆ.”

ಮುತ್ತಮ್ಮ ಆ ಬೆರಳುಗಳನ್ನೇ ನೋಡುತ್ತಿದ್ದಳು. “ಅಂಗಾರೆ ಅವ್ರಿನ್ನೂ ಸ್ಟೂಲ್ ತಾವ್ಕೆ ಓಯ್ತಾವ್ರೆ.”

“ಅಂಗಲ್ಲ ದೊಡ್ಡವ್ವ...”

“ಹನ್ನೆರಡೂ ಹತ್ತಾಗಗಂಟ ಎತ್‌ಬ್ಯಾಡಿ ಮಾದಪ್ಪಣ್ಣ. ನಿಂಗರಾಜು, ಆ ಸ್ಟೂಲ್ ತಕ್ಕಬಾಪ್ಪ.”

ಸ್ಟೂಲು ಬಂತು. ಚಟ್ಟದ ಪಕ್ಕದಲ್ಲಿ ಇಡಿಸಿದಳು. ಕಾಲು ನೋವೆಂದು ಕೂರಹೋದ ಮಾದಪ್ಪ ಅವಳ ಮುಖ ನೋಡಿ ದೂರ ಸರಿದ. ತಮಟೆಯವರು ಕೋಲು ಕೆಳಗಿಟ್ಟರು.

ಹನ್ನೆರಡೂ ಒಂಬತ್ತಾಯಿತು. ಮುತ್ತಮ್ಮ ಗೌತಮಿಯ ಮೊಬೈಲು ಇಸಿದುಕೊಂಡು, ಎಲ್ಲಿ ಒತ್ತಬೇಕೆಂದು ಕೇಳಿ, ಎರಡೂ ಕೈಯಲ್ಲಿ ಸ್ಟೂಲಿಗೆ ನೇರ ಹಿಡಿದಳು. ಗಾಳಿ ಇರಲಿಲ್ಲ. ಹತ್ತಿರ ಯಾರೂ ಇರಲಿಲ್ಲ.

ಟಕ್.

“ಗದ್ದ ಒಸಿ ಎತ್ತಿ,” ಎಂದಳು ಮುತ್ತಮ್ಮ.